ಮರ್ಯಮರ ಮಗ ಈಸಾ

ಕುರ್‌ಆನ್‌ನ 114 ಅಧ್ಯಾಯಗಳಲ್ಲಿ 19ನೆಯದರ ಹೆಸರು ‘ಮರ್ಯಮ್’. ಕ್ರೈಸ್ತರು ಮರಿಯಮ್ಮನೆಂದು ಭಕ್ತಿಯಿಂದ ನೆನೆಯುವ, ಯೇಸುವಿನ ತಾಯಿಯೇ ಈ ಮರ್ಯಮ್. ಇಡೀ ಕುರ್‌ಆನ್‌ನಲ್ಲಿ ಹೆಸರು ಹೇಳಿ ಕರೆದಿರುವ ಹೆಣ್ಣು ಇವರೊಬ್ಬರೇ. ಯೇಸುವಿಗೆ ಅಲ್ಲಿ ಈಸಾ ಎಂಬ ಹೆಸರು. ಹೆಚ್ಚಿನ ಕಡೆ ತಾಯಿಯ ಹೆಸರನ್ನೂ ಸೇರಿಸಿ ಮರ್ಯಮರ ಮಗ ಈಸಾ ಎಂದೇ ಕರೆಯಲಾಗಿದೆ. ಆ ಹೆಸರು ನಾಲಗೆಯ ಮೇಲೆ ಬಂದಾಗಲೆಲ್ಲ ಮುಸ್ಲಿಮರು ‘ಅವರ ಮೇಲೆ ಶಾಂತಿಯಿರಲಿ’ ಎಂದು ಹಾರೈಸುತ್ತಾರೆ. ಈಸಾರನ್ನು ಪ್ರವಾದಿಯೆಂದು ಒಪ್ಪದವರ ಇಸ್ಲಾಂ ಪೂರ್ಣವಾಗುವುದಿಲ್ಲ.

ಆ ಅಧ್ಯಾಯದಲ್ಲಿ ಒಂದು ಹೆರಿಗೆಯ ಪ್ರಸಂಗವಿದೆ. ತನ್ನವರಿಂದ ದೂರವಾಗಿ ಏಕಾಂತದಲ್ಲಿದ್ದ ಮರ್ಯಮರ ಮುಂದೆ ದೇವದೂತನು ಮನುಷ್ಯರೂಪದಲ್ಲಿ ನಿಲ್ಲುತ್ತಾನೆ. ಪರಿಶುದ್ಧನಾದ ಮಗ ಹುಟ್ಟುತ್ತಾನೆಂದು ತಿಳಿಸುತ್ತಾನೆ. ಯಾವ ಗಂಡಸೂ ಮುಟ್ಟದ ತನಗೆ ಮಗು ಹೇಗೆ ಎಂದು ಆಕೆ ಕೇಳಿದರೆ, ದೇವರಿಗೆ ಅದು ಸುಲಭ ಎಂಬ ಉತ್ತರ ಬರುತ್ತದೆ. ದಿನ ತುಂಬಿದಾಗ ಆಕೆ ಒಬ್ಬಳೇ. ಈ ನಿರೂಪಣೆಯಲ್ಲಿ ಜೋಸೆಫನಿಲ್ಲ, ಗೋದಲಿಯಿಲ್ಲ, ಕುರುಬರಿಲ್ಲ. ಹೆರಿಗೆ ನೋವು ಆಕೆಯನ್ನು ಖರ್ಜೂರದ ಮರದ ಬುಡಕ್ಕೆ ತಂದು ನಿಲ್ಲಿಸುತ್ತದೆ. ಇದಕ್ಕಿಂತ ಮೊದಲೇ ಸತ್ತುಹೋಗಿದ್ದರೆ ಚೆನ್ನಾಗಿತ್ತು, ಎಲ್ಲರೂ ನನ್ನನ್ನು ಮರೆತುಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಆಕೆ ಹಂಬಲಿಸುತ್ತಾಳೆ.

ದೇವರು ಮೆಚ್ಚಿ ಆರಿಸಿಕೊಂಡ ಹೆಣ್ಣುಮಗಳ ಬಾಯಲ್ಲಿ ಬಂದ ಮಾತು ಇದು. ಧರ್ಮಗ್ರಂಥ ಅದನ್ನು ಮುಚ್ಚಿಡುವುದಿಲ್ಲ, ಆಕೆಯನ್ನು ಗದರುವುದೂ ಇಲ್ಲ. ದುಃಖಿಸಬೇಡ ಎಂಬ ದನಿ ಕೇಳುತ್ತದೆ. ಕಾಲಡಿಯಲ್ಲೇ ನೀರಿನ ತೊರೆಯಿದೆ, ಮರವನ್ನು ಅಲುಗಿಸಿದರೆ ಮಾಗಿದ ಹಣ್ಣು ಉದುರುತ್ತದೆ, ತಿಂದು ಕುಡಿದು ಸಮಾಧಾನ ಮಾಡಿಕೋ ಎನ್ನುತ್ತದೆ ಆ ದನಿ. ಸಾವನ್ನು ಬಯಸಿದ ಜೀವಕ್ಕೆ ದೇವರು ಮೊದಲು ಕೊಟ್ಟದ್ದು ನೀರು ಮತ್ತು ಹಣ್ಣು. ಹಾಗೆ ಕೊಡುವಾಗಲೂ, ದಣಿದ ಆ ಬಾಣಂತಿಯ ಕೈಯಿಂದಲೇ ಮರ ಅಲುಗಿಸುತ್ತಾನೆ. ಕೃಪೆಯೂ ಬೇಕು, ಮನುಷ್ಯ ಪ್ರಯತ್ನವೂ ಬೇಕು ಎಂದು ಎಷ್ಟೋ ವಿದ್ವಾಂಸರು ಈ ಪ್ರಸಂಗವನ್ನು ಅರ್ಥೈಸಿದ್ದಾರೆ.

ಮಗುವನ್ನೆತ್ತಿಕೊಂಡು ಬಂದವಳನ್ನು ಊರ ಜನ ಪ್ರಶ್ನಿಸಿದಾಗ ಆಕೆ ತುಟಿ ಬಿಚ್ಚದೆ ಮಗುವಿನತ್ತ ಕೈ ತೋರಿಸುತ್ತಾಳೆ. ತೊಟ್ಟಿಲ ಕೂಸು ಮಾತಾಡುತ್ತದೆ. ತಾನು ದೇವರ ದಾಸನೆಂದೂ ಪ್ರವಾದಿಯೆಂದೂ ಹೇಳಿಕೊಳ್ಳುತ್ತದೆ. ಪ್ರಾರ್ಥನೆ, ದಾನ ಮತ್ತು ತಾಯಿಯ ಸೇವೆ ತನಗೆ ವಿಧಿಸಿದ ಕರ್ತವ್ಯಗಳೆಂದು ಸಾರುತ್ತದೆ. ಮುಂದೆ ಇದೇ ಈಸಾ ದೇವರ ಅನುಮತಿಯಿಂದ ಕುರುಡರಿಗೆ ಕಣ್ಣು ಕೊಡುತ್ತಾರೆ, ಕುಷ್ಠರೋಗಿಗಳನ್ನು ಗುಣಪಡಿಸುತ್ತಾರೆ, ಸತ್ತವರನ್ನು ಎಬ್ಬಿಸುತ್ತಾರೆ. ಅವರಿಗೆ ಇಂಜೀಲ್ ಎಂಬ ಗ್ರಂಥ ಅವತೀರ್ಣವಾಯಿತೆಂದು ಮುಸ್ಲಿಮರು ನಂಬುತ್ತಾರೆ.

ಇಲ್ಲಿಯವರೆಗೆ ಎರಡು ಧರ್ಮಗಳೂ ಬಹುಮಟ್ಟಿಗೆ ಜೊತೆಯಾಗಿ ನಡೆಯುತ್ತವೆ. ಆಮೇಲೆ ದಾರಿ ಕವಲಾಗುತ್ತದೆ. ಕ್ರೈಸ್ತರಿಗೆ ಯೇಸು ದೇವರ ಮಗ. ಶಿಲುಬೆಯ ಮರಣ ಮತ್ತು ಪುನರುತ್ಥಾನ ಅವರ ವಿಶ್ವಾಸದ ಜೀವಾಳ. ಮುಸ್ಲಿಮರಿಗೆ ದೇವರು ಒಬ್ಬನೇ, ಅವನಿಗೆ ಮಕ್ಕಳಿಲ್ಲ. ತಂದೆಯಿಲ್ಲದೆ ಹುಟ್ಟಿದ ಈಸಾ, ತಂದೆತಾಯಿ ಇಬ್ಬರೂ ಇಲ್ಲದೆ ಸೃಷ್ಟಿಯಾದ ಆದಮರಂತೆ ದೇವರ ಸೃಷ್ಟಿಯೇ. ಅವರನ್ನು ಯಾರೂ ಶಿಲುಬೆಗೇರಿಸಿ ಕೊಲ್ಲಲಿಲ್ಲ, ದೇವರು ತನ್ನೆಡೆಗೆ ಎತ್ತಿಕೊಂಡನು, ಲೋಕಾಂತ್ಯಕ್ಕೆ ಮುನ್ನ ಅವರು ಮತ್ತೆ ಬರುತ್ತಾರೆ ಎಂಬುದು ಬಹುಪಾಲು ಮುಸ್ಲಿಮರ ನಂಬಿಕೆ. ದಾರಿ ಕವಲಾದರೂ ನಂಟು ಕಡಿದಿಲ್ಲ. ಡಮಾಸ್ಕಸ್‌ನ ಉಮಯ್ಯದ್ ಮಸೀದಿಯ ಒಂದು ಮಿನಾರಿಗೆ ಈಸಾರ ಹೆಸರೇ ಇದೆ. ಅದೇ ಮಸೀದಿಯೊಳಗೆ ಪ್ರವಾದಿ ಯಹ್ಯಾ, ಅಂದರೆ ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಯೋಹಾನರ ಸಮಾಧಿಮಂದಿರವಿದೆ. 2001ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಕಾಲಿಟ್ಟದ್ದು ಈ ಮಸೀದಿಗೇ. ಪೋಪ್ ಒಬ್ಬರು ಮಸೀದಿಯೊಂದನ್ನು ಪ್ರವೇಶಿಸಿದ್ದು ಅದೇ ಮೊದಲು.

ಹಾಗೆಂದು ನಂಬಿಕೆಗಳ ನಡುವಿನ ಭೇದ ಸಣ್ಣದಲ್ಲ. ಎಲ್ಲವೂ ಒಂದೇ ಎಂದು ತೇಲಿಸಿ ಮಾತಾಡಿದರೆ ಇಬ್ಬರ ನಂಬಿಕೆಗೂ ಅನ್ಯಾಯ ಮಾಡಿದಂತೆ. ಹಾಗಾದರೆ ಭೇದವನ್ನು ಉಳಿಸಿಕೊಂಡೇ ಜೊತೆಗಿರುವುದು ಹೇಗೆ? ಇಸ್ಲಾಮಿನ ಆರಂಭದ ದಿನಗಳಲ್ಲೇ ಈ ಪ್ರಶ್ನೆ ಎದುರಾಗಿತ್ತು.

615ರ ಸುಮಾರಿಗೆ ಮಕ್ಕಾದಲ್ಲಿ ಹಿಂಸೆ ತಾಳಲಾರದ ಮುಸ್ಲಿಮರ ಗುಂಪೊಂದು ಪ್ರವಾದಿ ಮುಹಮ್ಮದರ ಸಲಹೆಯಂತೆ ಕಡಲು ದಾಟಿ ಅಬಿಸೀನಿಯಾಕ್ಕೆ ಹೋಯಿತು. ಅಲ್ಲಿನ ದೊರೆ ನಜಾಶಿ ಕ್ರೈಸ್ತ. ಆತನ ರಾಜ್ಯದಲ್ಲಿ ಯಾರಿಗೂ ಅನ್ಯಾಯವಾಗುವುದಿಲ್ಲವೆಂಬ ಭರವಸೆ ಅವರನ್ನು ಕಳಿಸಿದವರಿಗಿತ್ತು. ಅವರನ್ನು ಹಿಂದಕ್ಕೆ ಕರೆತರಲು ಮಕ್ಕಾದ ಕುರೈಶ್ ಕುಲದವರ ದೂತರು ಕಾಣಿಕೆ ಹೊತ್ತು ಬೆನ್ನಿಗೇ ಬಂದರು. ಅಲ್ಲಿ ನಡೆದದ್ದನ್ನು, ನಿರಾಶ್ರಿತರಲ್ಲಿ ಒಬ್ಬರಾಗಿದ್ದ ಉಮ್ಮು ಸಲಮಾ ಅವರ ನೆನಪಿನಿಂದ ಪ್ರವಾದಿ ಚರಿತ್ರೆಯ ಹಳೆಯ ಗ್ರಂಥಗಳು ದಾಖಲಿಸಿವೆ.

ದೊರೆ ನಿರಾಶ್ರಿತರನ್ನು ಕರೆಸಿ ಕೇಳಿದ. ಅವರ ಪರವಾಗಿ ಜಅಫರ್ ಎಂಬ ತರುಣ ಎದ್ದು ನಿಂತು ಮರ್ಯಮ್ ಅಧ್ಯಾಯದ ಆರಂಭವನ್ನು ಓದಿದರು. ನಜಾಶಿಯ ಗಡ್ಡ ತೋಯುವಷ್ಟು ಕಣ್ಣೀರು ಹರಿಯಿತು. ಸುತ್ತಲಿದ್ದ ಬಿಷಪ್‌ಗಳೂ ಅತ್ತರು. ಮರುದಿನ ದೂತರು ಇನ್ನೊಂದು ಬಾಣ ಬಿಟ್ಟರು: ಈ ಜನ ಈಸಾರನ್ನು ಬರಿಯ ದಾಸನೆನ್ನುತ್ತಾರೆ, ವಿಚಾರಿಸಿ ನೋಡಿ.

ನಿರಾಶ್ರಿತರಿಗೆ ಅದು ಕಠಿಣ ಗಳಿಗೆ. ತಲೆಯ ಮೇಲಿನ ಸೂರು ದೊರೆಯ ದಯೆಯಿಂದ ಬಂದದ್ದು. ಒಂದು ಮಾತು ತಪ್ಪಿದರೆ ಮತ್ತೆ ಮಕ್ಕಾದ ಚಾವಟಿ. ಆತನಿಗೆ ಹಿತವಾಗುವಂತೆ ಮಾತು ತಿರುಗಿಸಬಹುದಿತ್ತು. ಏನೇ ಆಗಲಿ, ನಂಬಿದ್ದನ್ನೇ ಹೇಳೋಣವೆಂದು ಅವರು ತಮ್ಮೊಳಗೆ ನಿಶ್ಚಯಿಸಿಕೊಂಡರು. ಈಸಾ ದೇವರ ದಾಸ, ಅವನ ದೂತ, ಕನ್ಯೆ ಮರ್ಯಮರಲ್ಲಿ ಅವನು ಇರಿಸಿದ ವಚನ ಮತ್ತು ಆತ್ಮ ಎಂದು ಜಅಫರ್ ಹೇಳಿದರು. ನಜಾಶಿ ನೆಲದಿಂದ ಒಂದು ಕಡ್ಡಿ ಎತ್ತಿಕೊಂಡು, ನೀವು ಹೇಳಿದ್ದಕ್ಕೂ ಈಸಾರ ನಿಜಕ್ಕೂ ಈ ಕಡ್ಡಿಯಷ್ಟೂ ಅಂತರವಿಲ್ಲ ಎಂದ. ಆಸ್ಥಾನಿಕರು ಸಿಡಿಮಿಡಿಗೊಂಡರು. ದೊರೆ ಕದಲಲಿಲ್ಲ. ದೂತರ ಕಾಣಿಕೆಗಳನ್ನು ಹಿಂದಿರುಗಿಸಿ, ನಿರಾಶ್ರಿತರಿಗೆ ನೀವು ಇಲ್ಲಿ ನಿರ್ಭಯವಾಗಿರಿ ಎಂದು ಅಭಯವಿತ್ತ. ಮುಂದೆ ನಜಾಶಿ ತೀರಿಕೊಂಡ ಸುದ್ದಿ ಬಂದಾಗ ಪ್ರವಾದಿ ಮುಹಮ್ಮದರು ಮದೀನಾದಲ್ಲಿ ಆತನಿಗಾಗಿ ಮರಣೋತ್ತರ ಪ್ರಾರ್ಥನೆ ನೆರವೇರಿಸಿದರು.

ಆ ಸಭೆಯಲ್ಲಿ ಇಬ್ಬರು ದೊಡ್ಡವರಾದರು. ಆಶ್ರಯ ಬೇಡಲು ಬಂದವನು ಆಶ್ರಯಕ್ಕಾಗಿ ತನ್ನ ನಂಬಿಕೆಯನ್ನು ತಿದ್ದಿ ಹೇಳಲಿಲ್ಲ. ಆಶ್ರಯ ಕೊಡುವವನು ತನ್ನವರ ಮುನಿಸಿಗೆ ಅಂಜಿ ಕೊಟ್ಟ ಮಾತು ಮುರಿಯಲಿಲ್ಲ. ನಿಜ ಹೇಳುವ ಧೈರ್ಯ ಒಂದು ಕಡೆ, ನಿಜ ಕೇಳುವ ಔದಾರ್ಯ ಇನ್ನೊಂದು ಕಡೆ. ಇವೆರಡೂ ಒಟ್ಟಿಗೆ ಸೇರಿದಲ್ಲಿ ಸೌಹಾರ್ದ ಬಾಯಿಮಾತಾಗಿ ಉಳಿಯುವುದಿಲ್ಲ. ಮುಸ್ಲಿಮರ ಈಸಾ ಮತ್ತು ಕ್ರೈಸ್ತರ ಯೇಸು ಪೂರ್ತಿ ಒಂದಾಗುವುದು ಸಾಧ್ಯವಿಲ್ಲದಿರಬಹುದು. ಆದರೆ ಅವರ ಹೆಸರಿನ ಮೇಲಿನ ಪ್ರೀತಿ ಎರಡು ಸಮುದಾಯಗಳಲ್ಲೂ ನಿಜವಾದದ್ದು, ಆಳವಾದದ್ದು.

ನಮ್ಮ ಓಣಿಯಲ್ಲಿ, ಕಚೇರಿಯಲ್ಲಿ, ಮಕ್ಕಳ ಶಾಲೆಯಲ್ಲಿ ಬೇರೆ ನಂಬಿಕೆಯವರು ದಿನವೂ ಎದುರಾಗುತ್ತಾರೆ. ಅವರ ದೇವರ ಬಗ್ಗೆ, ಅವರ ಪ್ರವಾದಿಯ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಹೆಚ್ಚಿನದು ಮೂರನೆಯವರ ಬಾಯಿಂದ ಬಂದದ್ದು. ನಜಾಶಿ ದೂತರ ಚಾಡಿಯನ್ನು ನಂಬದೆ ಸಂಬಂಧಪಟ್ಟವರನ್ನೇ ಕರೆಸಿ ಕೇಳಿದ. ನಾವೂ ಅವರನ್ನೇ ಕೇಳೋಣ, ಅವರು ಹೇಳಿ ಮುಗಿಸುವವರೆಗೆ ಕೇಳೋಣ. ಒಪ್ಪಿಗೆಯಾಗದಿದ್ದರೂ ಗೌರವಕ್ಕೆ ಕುಂದು ಬರದಂತೆ ನೋಡಿಕೊಳ್ಳೋಣ.