ಕೂಸಿನ ಹಸಿವೂ ಕುಲದ ದೋಷವೂ

ಬೆಳಗಿನ ಜಾವದಲ್ಲಿ ಕೂಸು ಬೆವತು, ಕೈಕಾಲು ಸೆಟೆದು, ಕಣ್ಣುಗುಡ್ಡೆ ಮೇಲಾದರೆ ಅದನ್ನು ಬಾಲಗ್ರಹವೆಂದು ಕರೆಯುವ ವಾಡಿಕೆಯು ಚಾಮರಾಜನಗರ, ಗುಂಡ್ಲುಪೇಟೆ, ತೆರಕಣಾಂಬಿಗಳ ಕಡೆಯ ಮನೆಗಳಲ್ಲಿ ಬಹುಕಾಲದ್ದು. ನಿವಾಳಿಸುವುದು, ಯಂತ್ರ ಕಟ್ಟಿಸುವುದು ಮೊದಲಾದ ಉಪಚಾರಗಳೂ ಅದರೊಡನೆಯೇ ಬಂದವು. ಈ ಮಾತನ್ನು ಕೇಳಿ ವಿದ್ಯಾವಂತರು ನಗಬೇಕಾದುದಿಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರವೇ ಒಂಬತ್ತು ಗ್ರಹಗಳನ್ನು ಹೆಸರಿಸಿ ಅವುಗಳ ಲಕ್ಷಣಗಳನ್ನು ವಿವರಿಸಿರುವುದು. ಆದರೆ ಅಂತಹ ಕೂಸಿನ ಬಾಯಿಗೆ ಎರಡು ಚಮಚ ಸಕ್ಕರೆನೀರು ಬಿದ್ದೊಡನೆ ಗ್ರಹವು ಬಿಟ್ಟುಹೋದಂತೆ ತೋರಿದುದನ್ನು ಕಂಡ ತಾಯಂದಿರು ಹಿಂದೆಯೂ ಇದ್ದಿರಬೇಕು. ಆ ಗ್ರಹದ ನಿಜವಾದ ಹೆಸರು ಕೆಲವು ಮಕ್ಕಳಲ್ಲಿ ಹಸಿವೆಂದೇ ಆಗಿತ್ತು.

ಆರೋಗ್ಯವಂತರ ರಕ್ತದಲ್ಲಿ, ರಾತ್ರಿಯೆಲ್ಲ ಉಪವಾಸವಿದ್ದರೂ, ನೂರು ಮಿಲಿಲೀಟರಿಗೆ ಸುಮಾರು 70ರಿಂದ 100 ಮಿಲಿಗ್ರಾಂ ಸಕ್ಕರೆಯು ನಿಂತಿರುವುದು. ಇದನ್ನು ಕಾಯುವುದು ಯಕೃತ್ತು. ಹಿಂದಿನ ರೈತನು ಸುಗ್ಗಿಯ ರಾಗಿಯನ್ನು ಹಗೇವಿನಲ್ಲಿ ತುಂಬಿ ಮುಚ್ಚಿ, ಬೇಕಾದಾಗ ತೆಗೆಯುತ್ತಿದ್ದಂತೆಯೇ ಯಕೃತ್ತು ಉಂಡ ಅನ್ನದ ಸಕ್ಕರೆಯನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟು, ಹಸಿದ ವೇಳೆಯಲ್ಲಿ ಬಿಡಿಸಿ ರಕ್ತಕ್ಕೆ ಕೊಡುವುದು. ಬಿಡಿಸುವ ಕಿಣ್ವವೊಂದು ಹುಟ್ಟಿನಿಂದಲೇ ಇಲ್ಲದಿದ್ದರೆ ಹಗೇವು ತುಂಬುತ್ತಲೇ ಹೋಗುವುದು, ಮನೆಯವರು ಮಾತ್ರ ಉಪವಾಸ. ಹೊಟ್ಟೆಯ ಬಲಭಾಗವು ಉಬ್ಬಿ, ಕೆನ್ನೆ ತುಂಬಿ, ನೋಡುವವರಿಗೆ ಪುಷ್ಟವಾಗಿ ಕಾಣುವ ಕೂಸು ಮೂರು ನಾಲ್ಕು ಗಂಟೆಯ ಹಸಿವಿಗೇ ಪ್ರಜ್ಞೆ ತಪ್ಪುವ ವಿಪರೀತವು ಇದರಿಂದಲೇ. ಈ ವ್ಯಾಧಿಯನ್ನು 1929ರಲ್ಲಿ ವಾನ್ ಗೀರ್ಕೆ ಎಂಬ ಜರ್ಮನ್ ವೈದ್ಯನು ವರ್ಣಿಸಿದನು. ಯಾವ ಕಿಣ್ವದ ಅಭಾವವೆಂಬುದನ್ನು 1952ರಲ್ಲಿ ಅಮೆರಿಕೆಯ ಕೋರಿ ದಂಪತಿಗಳು ತೋರಿಸಿದರು. ಕೊಬ್ಬನ್ನು ಕರಗಿಸಲಾರದ ಮಕ್ಕಳು, ಇನ್ಸುಲಿನ್ ಮಿತಿಮೀರಿ ಸುರಿಯುವ ಮಕ್ಕಳು ಎಂದು ಇತರ ಭೇದಗಳೂ ಉಂಟು. ಅವುಗಳ ವಿಸ್ತಾರವು ಇಲ್ಲಿ ಬೇಡ.

ಚಿಕಿತ್ಸೆಯಾದರೋ ಆಶ್ಚರ್ಯಪಡುವಷ್ಟು ಸರಳ. ಬೇಯಿಸದ ಮೆಕ್ಕೆಜೋಳದ ಪಿಷ್ಟವನ್ನು ನೀರಿನಲ್ಲಿ ಕದಡಿ ಕುಡಿಸಿದರೆ ಅದು ಮೆಲ್ಲಮೆಲ್ಲನೆ ಜೀರ್ಣವಾಗಿ ಗಂಟೆಗಟ್ಟಲೆ ಸಕ್ಕರೆಯನ್ನು ಒದಗಿಸುವುದೆಂದು 1984ರಲ್ಲಿ ಕಂಡುಬಂದಿತು. ಬೇಯಿಸಿದರೆ ಆ ಗುಣವು ಕೆಟ್ಟಿತು. ಪ್ರಮಾಣವನ್ನೂ ವೇಳೆಯನ್ನೂ ವೈದ್ಯರೇ ಗೊತ್ತುಮಾಡತಕ್ಕುದು. ಗುಂಡ್ಲುಪೇಟೆಯ ಹೊಲಗಳಲ್ಲಿ ಮೆಕ್ಕೆಜೋಳಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ನಡುರಾತ್ರಿಯಲ್ಲಿ ತಪ್ಪದೆ ಏಳುವ ಕೈಗಳಿಗೆ. ಪ್ರತಿದಿನವೂ, ವರ್ಷಗಟ್ಟಲೆ, ಹೆಚ್ಚಾಗಿ ತಾಯಿಯೊಬ್ಬಳೇ ಏಳುವಳು. ಏಕಾದಶಿಯ ಉಪವಾಸವನ್ನು ವಿಧಿಸಿದ ನಿಬಂಧಕಾರರು ಎಂಟು ವರ್ಷದೊಳಗಿನವರನ್ನೂ ಎಂಬತ್ತು ದಾಟಿದವರನ್ನೂ ಬಿಟ್ಟರು. ಇಂತಹ ಮಗುವಿಗೆ ಎಂಟು ತುಂಬಿದರೂ ಆ ವಿನಾಯಿತಿಯನ್ನು ಮುಂದುವರಿಸಲು ಯಾವ ಶಾಸ್ತ್ರಿಗಳೂ ಅಡ್ಡಿ ಹೇಳಲಾರರು. ಅಡ್ಡಿ ಬರುವುದು ಶಾಲೆಯ ಗಂಟೆಯಿಂದ. ಹತ್ತೂವರೆಗೆ ಪಾಠದ ನಡುವೆ ಡಬ್ಬಿ ತೆರೆಯುವ ಹುಡುಗನನ್ನು ಉಪಾಧ್ಯಾಯನು ಗದರಿಸಿ, ಎಲ್ಲರಿಗೂ ಒಂದೇ ನಿಯಮವೆಂದರೆ, ಅದು ಸಮತೆಯೆಂದು ಕೇಳುವವರಿಗೆ ತೋರುವುದು. ವಾಸ್ತವದಲ್ಲಿ ಅದು ಕುಂಟನಿಂದ ಕೋಲನ್ನು ಕಿತ್ತುಕೊಂಡಂತೆ.

ಇನ್ನು ಮುಖ್ಯವಾದ ಪ್ರಶ್ನೆಗೆ ಬರಬಹುದು. ಕೂಸಿಗೆ ಹೀಗಾದುದು ಯಾರ ದೋಷದಿಂದ?

ಮನೆಯಲ್ಲಿ ಮೊದಲು ಹುಟ್ಟುವ ಉತ್ತರವು ಸೊಸೆಯ ಕಡೆಗೆ ಬೆರಳು ತೋರಿಸುವುದು: ಅವಳ ಜಾತಕ, ಅವಳ ಕಾಲ್ಗುಣ, ಅವಳ ಪೂರ್ವಜನ್ಮ. ಶರೀರಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ಈ ವ್ಯಾಧಿಯ ಬೀಜವು ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೂ ಕೂಡಿದಲ್ಲದೆ ರೋಗವು ತೋರದು. ಒಂದನ್ನೇ ಹೊತ್ತವರು ಆರೋಗ್ಯವಾಗಿಯೇ ಬಾಳಿ ಮುಪ್ಪಾಗುವರು. ಇಬ್ಬರು ವಾಹಕರು ದಂಪತಿಗಳಾದಾಗ ಪ್ರತಿ ಗರ್ಭಕ್ಕೂ ನಾಲ್ಕರಲ್ಲೊಂದು ಪಾಲು ಭಯವುಂಟು. ಅಕ್ಕನ ಮಗಳನ್ನೇ ತಂದುಕೊಂಡ ಮನೆಯಲ್ಲಂತೂ ಬೈಗುಳವು ಇನ್ನೂ ಅಸಂಗತ. ಅದೇತಕ್ಕೆಂದರೆ, ಅಲ್ಲಿ ಅತ್ತೆಯಾದವಳು ಸೊಸೆಗೆ ತಾಯಿಯ ತಾಯಿ. ನಿನ್ನ ಕುಲವೇ ಹೀಗೆಂದು ಮೊಮ್ಮಗಳನ್ನು ಜರೆಯುವ ಅಜ್ಜಿಯು ತನ್ನ ರಕ್ತವನ್ನೇ ಜರೆದಂತಾಯಿತು.

ಹಾಗಾದರೆ ದೋಷವು ರಕ್ತಸಂಬಂಧದ ವಿವಾಹದ್ದೇ ಎಂದು ಹೇಳುವವರುಂಟು. ಇದೂ ಅರ್ಧಸತ್ಯ. ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ವರಿಸುವುದು ದಾಕ್ಷಿಣಾತ್ಯರ ಆಚಾರವೆಂದು ಬೌಧಾಯನನೇ ಹೇಳಿರುವನು. ಪರಾಶರಮಾಧವೀಯದಲ್ಲಿ ಇದರ ಸಮರ್ಥನೆಯೂ ಇದೆ. (ಅಕ್ಕನ ಮಗಳ ಮಾತನ್ನು ಬೌಧಾಯನನು ಎತ್ತಿಲ್ಲವೆಂಬುದು ಗಮನಾರ್ಹ.) 1980ರ ದಶಕದಲ್ಲಿ ಬೆಂಗಳೂರು ಮೈಸೂರುಗಳ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ರಕ್ತಪರೀಕ್ಷೆ ನಡೆದಾಗ, ಸುಮಾರು ಮೂರರಲ್ಲೊಂದು ಮದುವೆಯು ಬಂಧುಗಳೊಳಗೇ ಆದುದೆಂದು ತಿಳಿದುಬಂದಿತು. ಅಂತಹ ಮನೆಗಳ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ. ಸಂಬಂಧವಿಲ್ಲದವರ ಮಕ್ಕಳಲ್ಲಿಯೂ ಈ ರೋಗ ಕಾಣುವುದುಂಟು. ಹೊಲವು ಹಂಚಿಹೋಗದಿರಲೆಂದೂ, ಮಗಳು ಪರಕೀಯರ ಕೈಯಲ್ಲಿ ನೋಯದಿರಲೆಂದೂ ಹಿರಿಯರು ಮಾಡಿದ ಏರ್ಪಾಡನ್ನು ಪಾಪವೆನ್ನುವುದು ಅನ್ಯಾಯ. ತಿಳಿಯದೆ ಆದುದಕ್ಕೆ ಯಾರೂ ಅಪರಾಧಿಗಳಲ್ಲ.

ಆದರೆ ತಿಳಿದ ಮೇಲೆ? ಧರ್ಮಸೂಕ್ಷ್ಮವಿರುವುದು ಇಲ್ಲಿ. ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ: ಎರಡನೆಯ ಮಗುವಿಗೆ ಈ ವ್ಯಾಧಿಯೆಂದು ಗೊತ್ತಾಗಿದೆ; ಮೊದಲನೆಯವಳು ಆರೋಗ್ಯವಂತೆ, ಬೆಳೆದು ನಿಂತಿದ್ದಾಳೆ; ಅವಳನ್ನು ತಾಯಿಯ ತಮ್ಮನಿಗೆ ಕೊಡಬೇಕೆಂದು ಹಳೆಯ ಮಾತುಂಟು. ಲೆಕ್ಕವು ಕಠಿನವಲ್ಲ. ರೋಗವಿಲ್ಲದ ಅಕ್ಕನು ವಾಹಕಳಾಗಿರುವ ಸಂಭವವು ಮೂರರಲ್ಲಿ ಎರಡು. ತಾಯಿಯು ವಾಹಕಳೆಂಬುದು ಸಿದ್ಧವಾದುದರಿಂದ ಅವಳ ತಮ್ಮನಿಗೆ ಎರಡರಲ್ಲಿ ಒಂದು. ಇಬ್ಬರೂ ವಾಹಕರಾದರೆ ಕೂಸಿಗೆ ನಾಲ್ಕರಲ್ಲಿ ಒಂದು. ಗುಣಿಸಿದರೆ ಹನ್ನೆರಡರಲ್ಲಿ ಒಂದಾಯಿತು. ಲೋಕದಲ್ಲಿ ಸುಮಾರು ಒಂದು ಲಕ್ಷ ಜನನಗಳಿಗೆ ಒಂದರಂತೆ ಕಾಣುವ ರೋಗವು ಆ ಒಂದು ಜಗಲಿಯ ಮೇಲೆ ಹನ್ನೆರಡಕ್ಕೆ ಒಂದಾಗಿ ಕುಳಿತಿರುವುದು.

ಇದನ್ನು ಬಚ್ಚಿಡುವ ಮನೆಗಳು ಕ್ರೂರರ ಮನೆಗಳಲ್ಲ. ಮಾತು ಹೊರಬಿದ್ದರೆ ಹುಡುಗಿಗೆ ಎಲ್ಲಿಯೂ ಗಂಡು ಸಿಕ್ಕದೆಂಬ ಭಯವು ಅವರದು. ಅದು ಸುಳ್ಳು ಭಯವೂ ಅಲ್ಲ. ಸಂತೆಯಲ್ಲಿ ಸಾರಬೇಕಾದುದೂ ಇಲ್ಲ. ಹೊರಗಿನ ಸಂಬಂಧವಾದರೆ ಅಪಾಯವು ಬಹಳ ಅಲ್ಪ. ಆದರೆ ಬಂಧುವಾದ ಆ ವರನಿಗೂ ಆ ಕನ್ಯೆಗೂ ಹೇಳದಿರುವುದು ಮಾತ್ರ ಮೌನವೆನಿಸದು, ವಂಚನೆಯೆನಿಸುವುದು. ವರನೂ ಕನ್ಯೆಯೂ ತಿಳಿದು ಆರಿಸಲಿ, ಬಿಡಲಿ. ಹುಟ್ಟಲಿರುವ ಮೂರನೆಯ ಜೀವಕ್ಕೆ ಆರಿಸುವ ಬಾಯಿಯಿಲ್ಲವಷ್ಟೆ.

ಮನೆಯವರಿಗೆ ಇಷ್ಟನ್ನು ವಿಧಿಸುವವರು ಊರಿನ ಋಣವನ್ನೂ ನೆನೆಯಬೇಕು. ಭಾರತ ಸರ್ಕಾರವು ವಿರಳರೋಗಗಳಿಗಾಗಿ 2021ರಲ್ಲಿ ರಾಷ್ಟ್ರೀಯ ನೀತಿಯನ್ನು ಹೊರಡಿಸಿ, 2022ರಲ್ಲಿ ಸಹಾಯದ ಮಿತಿಯನ್ನು 50 ಲಕ್ಷ ರೂಪಾಯಿಗಳಿಗೆ ಏರಿಸಿತು. ಕರ್ನಾಟಕದಲ್ಲಿ ಇದಕ್ಕೆ ಗೊತ್ತಾದ ಕೇಂದ್ರವು ಬೆಂಗಳೂರಿನಲ್ಲಿದೆ. ಚಾಮರಾಜನಗರದಲ್ಲಿ 2016ರಿಂದ ವೈದ್ಯಕೀಯ ವಿದ್ಯಾಸಂಸ್ಥೆಯಿದ್ದರೂ ವಂಶಬೀಜದ ಪರೀಕ್ಷೆಗೆ ಗುಂಡ್ಲುಪೇಟೆಯ ರೈತನು ಮೈಸೂರನ್ನು ದಾಟಿಯೇ ಹೋಗಬೇಕೆಂದಾದರೆ ಎರಡು ದಿನದ ಕೂಲಿಯೂ ಬಸ್ಸಿನ ವೆಚ್ಚವೂ ಅವನ ತಲೆಯ ಮೇಲೆ. ದಾರಿಯಲ್ಲಿ ಮೂರು ನಾಲ್ಕು ಗಂಟೆಗೊಮ್ಮೆ ಕೂಸಿಗೆ ಪಿಷ್ಟವನ್ನು ಕದಡಲು ಶುದ್ಧವಾದ ನೀರಿನ ಬಾಟಲಿಯೊಂದು ಅವನ ಚೀಲದಲ್ಲಿ.