ಮಳೆಗೆ ಮೊದಲು ವಾಲ್ವ್ ಪೆಟ್ಟಿಗೆ ತೆರೆಯಿರಿ

ಹ್ಯಾಮ್ ರೇಡಿಯೋದಲ್ಲಿ ಪಳಗಿದ ಹಿರಿಯರನ್ನು ಮಾತಿಗೆಳೆದರೆ 807 ಎಂಬ ವಾಲ್ವಿನ ಹೆಸರು ಬಾರದೆ ಇರುವುದಿಲ್ಲ. ನೆತ್ತಿಯಲ್ಲಿ ಲೋಹದ ಟೋಪಿ ಇರುವ ಗಾಜಿನ ಬುರುಡೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿ ಸಾಮಾನುಗಳ ಜೊತೆ ಅಗ್ಗಕ್ಕೆ ಸಿಕ್ಕಿದ ಈ ವಾಲ್ವುಗಳನ್ನು ಎರಡೆರಡು ಜೋಡಿಸಿ, 600ರಿಂದ 750 ವೋಲ್ಟ್ ಕೊಟ್ಟು, ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟಿದವರು ನಮ್ಮ ದೇಶದಲ್ಲಿ ಬಹಳ ಮಂದಿ. ಅಂಥ ಪೆಟ್ಟಿಗೆಗಳು ಇನ್ನೂ ಕೆಲವು ಮನೆಗಳ ಅಟ್ಟದಲ್ಲಿವೆ. ಒಂದು ನನ್ನ ಮೇಜಿನ ಮೇಲೂ ಇದೆ.

ಬಿ.ಸಿ.ರೋಡಿನಂಥ ಊರಿಗೆ ಇದು ಬರೀ ಹಳೆಯ ವಸ್ತುವಿನ ಮೋಹವಲ್ಲ. ನೇತ್ರಾವತಿ ನದಿ ಉಕ್ಕಿ 1923ರಲ್ಲಿ ಏನು ಮಾಡಿತು, 1974ರಲ್ಲಿ ಏನು ಮಾಡಿತು ಎಂಬುದು ಬಂಟ್ವಾಳ, ಪಾಣೆಮಂಗಳೂರಿನ ಮನೆಮನೆಗೆ ಗೊತ್ತು. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ ಕಡೆ ಹೊಳೆಗಳು ಉಕ್ಕಿದವು, ಗುಡ್ಡ ಕುಸಿಯಿತು, ಘಾಟಿ ರಸ್ತೆ ಮುಚ್ಚಿತು. ಅಂಥ ದಿನ ಮೊದಲು ಹೋಗುವುದು ಕರೆಂಟು, ಅದರ ಹಿಂದೆಯೇ ಮೊಬೈಲು. ಕೈಯಲ್ಲಿ ಹಿಡಿಯುವ ವಾಕಿಟಾಕಿಯ ತರಂಗ ಗುಡ್ಡ ದಾಟುವುದು ಕಷ್ಟ. 40 ಮೀಟರ್ ಬ್ಯಾಂಡ್ ಹಾಗಲ್ಲ. ತಂತಿಯನ್ನು ತೆಂಗಿನ ಮರಗಳ ನಡುವೆ ತಗ್ಗಿನಲ್ಲೇ ಕಟ್ಟಿದರೂ ತರಂಗ ನೆಟ್ಟಗೆ ಮೇಲೇರಿ, ಅಯಾನುಗೋಳಕ್ಕೆ ತಾಗಿ, ಘಟ್ಟದ ಆಚೆಗೂ ಈಚೆಗೂ ಇಳಿಯುತ್ತದೆ. 2004ರ ಡಿಸೆಂಬರಿನ ಸುನಾಮಿಯ ಹೊತ್ತಿಗೆ ಅಂಡಮಾನಿನಲ್ಲಿದ್ದ ಹ್ಯಾಮ್ ಭಾರತಿ ಪ್ರಸಾದ್ ಪೋರ್ಟ್‌ಬ್ಲೇರಿನಿಂದ ಸುದ್ದಿ ಮುಟ್ಟಿಸಿದ್ದು ಹವ್ಯಾಸಿ ರೇಡಿಯೋದಿಂದಲೇ.

ಹೀಗಿರುವಾಗ ಆಂಪ್ಲಿಫೈಯರಿಗೆ ಎಷ್ಟು ವ್ಯಾಟ್ ಎಂದು ಕೇಳುವುದಕ್ಕಿಂತ, ಆ ದಿನ ಅದು ಹೊತ್ತಿಕೊಳ್ಳುತ್ತದೆಯೇ ಎಂದು ಕೇಳಬೇಕು. ಪವರನ್ನು ನಾಲ್ಕು ಪಟ್ಟು ಏರಿಸಿದರೆ ಆಚೆಯವರ ಸಿಗ್ನಲ್ ಮೀಟರಿನ ಮುಳ್ಳು ಒಂದು ಎಸ್ ಅಂಕದಷ್ಟು ಸರಿಯುತ್ತದೆ, ಅಷ್ಟೇ. 750 ವೋಲ್ಟಿನಲ್ಲಿ ಓಡುವ 807ನ್ನು 600ಕ್ಕೆ ಇಳಿಸಿದರೆ ಕೇಳುವವರಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ. ವಾಲ್ವಿಗೆ ಮಾತ್ರ ಬಹಳ ಹಗುರ. ಲೈಸೆನ್ಸಿನ ಮಿತಿಯೂ ಸಾಮಾನ್ಯ ದರ್ಜೆಯವರಿಗೆ 400 ವ್ಯಾಟ್, ನಿರ್ಬಂಧಿತ ದರ್ಜೆಯವರಿಗೆ 50 ವ್ಯಾಟ್. ಪವರಿನ ಆಸೆಯನ್ನು ಸ್ವಲ್ಪ ತಗ್ಗಿಸುವುದೇ ನನ್ನ ಮಟ್ಟಿಗೆ ಮೊದಲ ಸುಧಾರಣೆ.

ಇನ್ನೊಂದು ಹೀಟರಿನದು. 230 ವೋಲ್ಟಿಗೆ ಸುತ್ತಿದ ಟ್ರಾನ್ಸ್‌ಫಾರ್ಮರಿಗೆ ನಡುರಾತ್ರಿ 253 ಬಂದರೆ, 6.3 ವೋಲ್ಟ್ ಇರಬೇಕಾದ ಹೀಟರ್ 6.9ಕ್ಕೆ ಏರುತ್ತದೆ. ಕ್ಯಾಥೋಡಿನ ಆಯುಷ್ಯ ಸದ್ದಿಲ್ಲದೆ ಕರಗುವುದು ಅಲ್ಲೇ. ಸಂಜೆ ಎಲ್ಲ ಮನೆಗಳ ದೀಪ, ಪಂಪು ಹಾಕುವ ಹೊತ್ತಿಗೆ ಅದೇ ವೋಲ್ಟೇಜು ತೀರಾ ಇಳಿದರೆ ಅದೂ ಕ್ಯಾಥೋಡಿಗೆ ಕೇಡು. ಫ್ರಿಜ್ಜಿಗೆ ಇಡುವಂಥ ಒಂದು ಸ್ಟೆಬಿಲೈಸರನ್ನು ಮುಂದೆ ಇಡಿ. ಆಮೇಲೆ ವಾಲ್ವಿನ ಸಾಕೆಟ್ಟಿನ ಕಾಲಿಗೇ ಮೀಟರ್ ಹಚ್ಚಿ ನೋಡಿ. ಆಗಲೂ ಹೆಚ್ಚೇ ಇದ್ದರೆ, ಎರಡು 807ರ ಹೀಟರುಗಳು ಎಳೆಯುವ 1.8 ಆಂಪಿಯರಿಗೆ 0.3 ಓಮಿನ ರೆಸಿಸ್ಟರ್ ಸೇರಿಸಿದರೆ ಅರ್ಧ ವೋಲ್ಟ್ ಇಳಿಯುತ್ತದೆ. ಸ್ವಿಚ್ ಹಾಕಿದ ಕ್ಷಣ ನುಗ್ಗುವ ಕರೆಂಟಿಗೆ ಪ್ರೈಮರಿಯಲ್ಲಿ 47 ಓಮಿನ ದಪ್ಪ ವೈರ್‌ವೂಂಡ್ ರೆಸಿಸ್ಟರ್ ಸಾಕು. ಎರಡು ಸೆಕೆಂಡ್ ಕಳೆದ ಮೇಲೆ ಒಂದು ರಿಲೇ ಅದನ್ನು ಶಾರ್ಟ್ ಮಾಡಿದರಾಯಿತು.

ಸ್ಕ್ರೀನ್ ಗ್ರಿಡ್ಡಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಹಳೆಯ ಎಷ್ಟೋ ಪೆಟ್ಟಿಗೆಗಳಲ್ಲಿ ಸ್ಕ್ರೀನಿಗೆ ಬೇರೆಯೇ ಸಪ್ಲೈ ಇರುತ್ತದೆ. ಆನೋಡಿನ ಹೈವೋಲ್ಟೇಜ್ ಹೋಗಿ ಸ್ಕ್ರೀನಿನದು ಉಳಿದರೆ, ಆನೋಡಿಗೆ ಹೋಗಬೇಕಾದ ಕರೆಂಟನ್ನು ಸ್ಕ್ರೀನೇ ಎಳೆದುಕೊಳ್ಳುತ್ತದೆ. ಅದು ತಾಳುವುದು 3.5 ವ್ಯಾಟ್ ಮಾತ್ರ. ನೋಡನೋಡುತ್ತ ಕೆಂಪಾಗುತ್ತದೆ, ವಾಲ್ವು ಮುಗಿಯುತ್ತದೆ. ಹೈವೋಲ್ಟೇಜ್ ಇದ್ದರೆ ಮಾತ್ರ ಸ್ಕ್ರೀನಿಗೆ ದಾರಿ ಬಿಡುವ ಒಂದು ರಿಲೇ ಹಾಕಿದರೆ ಈ ಅನಾಹುತವೇ ಇಲ್ಲ. ಜಾಲಹಳ್ಳಿಯ ಬಿಇಎಲ್ 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸುತ್ತಿದ್ದ ಕಾಲ ಒಂದಿತ್ತು. ಈಗ ಒಂದು ವಾಲ್ವ್ ಸುಟ್ಟರೆ ಮತ್ತೊಂದಕ್ಕೆ ಊರೂರು ಹುಡುಕಬೇಕು.

ನಮ್ಮ ಕರಾವಳಿಯ ಶತ್ರುಗಳೇ ಬೇರೆ. ಜೂನ್ ಬಂದರೆ ಟ್ಯಾಗ್‌ಬೋರ್ಡಿನ ಮೇಲೂ ಬೂಷ್ಟು ಹಿಡಿಯುತ್ತದೆ, ಹೈವೋಲ್ಟೇಜ್ ಆ ತೇವದಲ್ಲಿ ದಾರಿ ಮಾಡಿಕೊಂಡು ಹರಿಯುತ್ತದೆ. ಆ ಹಲಗೆ ತೆಗೆದು ಪಿಂಗಾಣಿ ಆಧಾರ ಹಾಕಬೇಕು. ಕೆಲಸವಿಲ್ಲದ ದಿನ ಪೆಟ್ಟಿಗೆಯೊಳಗೆ 15 ವ್ಯಾಟಿನ ತಂತಿಯ ಬಲ್ಬು ಉರಿಯುತ್ತಿರಬೇಕು. ಗಾಳಿ ಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಬೇಕೇ ಬೇಕು. ರಿಲೇಯ ಕಾಂಟ್ಯಾಕ್ಟ್ ನಡುವೆ ಸಿಕ್ಕಿ ಸತ್ತ ಇರುವೆ, ಕೆಪಾಸಿಟರ್ ಮೇಲೆ ಹರಿದ ಹಲ್ಲಿ, ಇವೆರಡನ್ನೂ ಕಂಡಿದ್ದೇನೆ. ಸಿಡಿಲಿನ ದಿನ ಆಂಟೆನಾದ ಕೇಬಲ್ ಬಿಚ್ಚಿ ಹೊರಗಿಡುವುದಕ್ಕೆ ಬದಲಿ ಉಪಾಯವೇ ಇಲ್ಲ.

ಫಿಲ್ಟರ್ ಕೆಪಾಸಿಟರುಗಳು ಮೂವತ್ತು ನಲವತ್ತು ವರ್ಷದವಾದರೆ ಯೋಚಿಸದೆ ಬದಲಿಸಿ. 750 ವೋಲ್ಟಿಗೆ 450 ವೋಲ್ಟಿನ ಎರಡು ಸಾಲದು, ಮೂರನ್ನು ಸಾಲಾಗಿ ಹಾಕಿ, ಪ್ರತಿಯೊಂದಕ್ಕೂ 100 ಕಿಲೋಓಮಿನ, 3 ವ್ಯಾಟಿನ ಮೆಟಲ್ ಆಕ್ಸೈಡ್ ರೆಸಿಸ್ಟರ್ ಕೊಡಿ. ಸ್ವಿಚ್ ಆರಿಸಿದ ಮೇಲೆ ಉಳಿದ ಚಾರ್ಜನ್ನು ಹೊರಹಾಕುವುದೂ ಇವೇ. ಹಳೆಯ ಕಾರ್ಬನ್ ರೆಸಿಸ್ಟರುಗಳು ಎಷ್ಟೋ ಸಲ ಒಳಗೇ ಕಡಿದು ಹೋಗಿರುತ್ತವೆ, ಹೊರಗಿನಿಂದ ತಿಳಿಯುವುದಿಲ್ಲ. ಆಗ ಪ್ಲಗ್ ಕಿತ್ತಿಟ್ಟ ಪೆಟ್ಟಿಗೆಯೂ ಜೀವ ತೆಗೆಯಬಲ್ಲದು.

ಮೇ ಮುಗಿಯುವ ಮೊದಲು ಒಂದು ಭಾನುವಾರ ಈ ಕೆಲಸಕ್ಕೆ ಮೀಸಲಿಡಿ. ಪ್ಲಗ್ ಕಿತ್ತು, ಐದು ನಿಮಿಷ ಬಿಟ್ಟು, ಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಹಾಕಿ. ಹೈವೋಲ್ಟೇಜಿನ ಅಭ್ಯಾಸವಿಲ್ಲದವರು ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮನೆಯಲ್ಲಿ ಹನ್ನೆರಡು ದಾಟಿದ ಮಕ್ಕಳಿದ್ದರೆ ಅವರನ್ನೂ ಕರೆಯಿರಿ, ದೂರದಿಂದ ನೋಡಲಿ. ಲೈಸೆನ್ಸ್ ಪರೀಕ್ಷೆ ಬರೆಯಲು ಅವರಿಗೆ ಆಗಲೇ ವಯಸ್ಸಾಗಿದೆ.