ಮೂರು ಗಾಲಿಯ ದೃಷ್ಟಾಂತವೂ ಜಂಗಮತತ್ತ್ವವೂ

ಕಾಯವನ್ನು ಮಲಮಯವೆಂದು ಜರೆದು, ಅದನ್ನು ಶೋಷಿಸಿ ಒಣಗಿಸುವುದೇ ಮುಕ್ತಿಗೆ ದಾರಿಯೆಂದು ಬಗೆದ ಮತಗಳು ಈ ದೇಶದಲ್ಲಿ ಹಲವು ಇದ್ದವು. ಹನ್ನೆರಡನೆಯ ಶತಮಾನದ ಶರಣರು ಆ ದಾರಿಯನ್ನು ಹಿಡಿಯಲಿಲ್ಲ. ಗುರುಕಾರುಣ್ಯವನ್ನು ಪಡೆದು ಇಷ್ಟಲಿಂಗವನ್ನು ಧರಿಸಿದ ಅಂಗವು ಪ್ರಾಕೃತವಾದ ಅಂಗವಲ್ಲ, ಅದು ಲಿಂಗಾಂಗವೆಂಬುದು ಅವರ ಸಿದ್ಧಾಂತ. ಬಸವಣ್ಣನವರು ತಮ್ಮ ಸುಪ್ರಸಿದ್ಧವಾದ ಒಂದು ವಚನದಲ್ಲಿ, ಸಿರಿವಂತರು ಕಲ್ಲಿನಿಂದ ಕಟ್ಟಿಸುವ ಗುಡಿಗೆ ಎದುರಾಗಿ ಬಡವನ ಶರೀರವನ್ನೇ ಇರಿಸಿ, ಕಾಲುಗಳಿಗೆ ಸ್ತಂಭದ ಸ್ಥಾನವನ್ನೂ ಶಿರಸ್ಸಿಗೆ ಕಲಶದ ಸ್ಥಾನವನ್ನೂ ಕೊಟ್ಟರು. ನಿಂತದ್ದು ನಶಿಸುವುದು, ಚರವಾದುದು ಉಳಿಯುವುದು ಎಂದು ನಿರ್ಣಯಿಸಿದರು. ಈ ವಚನವನ್ನು ಮಠದ ಮಕ್ಕಳು ಎಳವೆಯಲ್ಲಿಯೇ ಕಂಠಸ್ಥ ಮಾಡುವರು. ಆದರೆ ಎರಡು ಕಾಲೂ ಬತ್ತಿಹೋದ ಒಬ್ಬ ಭಕ್ತನು ಇದನ್ನು ಕೇಳಿದಾಗ ಅವನ ಮನಸ್ಸಿನಲ್ಲಿ ಏನು ಹುಟ್ಟುವುದೆಂದು ಬೋಧಿಸುವವರು ವಿಚಾರಿಸುವುದು ಅಪರೂಪ. ಸ್ತಂಭವೇ ಇಲ್ಲದವನಿಗೆ ದೇಗುಲವೆಲ್ಲಿಯದು? ನಡೆಯಲಾರದವನು ಜಂಗಮನೋ ಸ್ಥಾವರನೋ?

ಇದನ್ನು ವಿಚಾರಿಸುವುದಕ್ಕೆ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ನ್ಯಾಮತಿಯ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಭಕ್ತನು ಇದ್ದಾನೆಂದು ತಿಳಿಯಿರಿ. ಶೈಶವದಲ್ಲಿ ಬಂದ ಪೋಲಿಯೋ ಜ್ವರವು ಅವನ ಕಾಲುಗಳ ಕಸುವನ್ನು ಕೊಂಡುಹೋಯಿತು. ಆ ರೋಗವು ಭಾರತದಲ್ಲಿ ಕಡೆಯದಾಗಿ ಕಾಣಿಸಿಕೊಂಡುದು 2011ರ ಜನವರಿಯಲ್ಲಿ. 2014ರ ಮಾರ್ಚಿಯಲ್ಲಿ ದೇಶವು ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ರೋಗವು ಹೋದರೂ ಅದು ಹಿಡಿದವರು ಇನ್ನೂ ಊರೂರಿನಲ್ಲಿ ಇದ್ದಾರೆ. ಈ ಭಕ್ತನ ಕಾಯಕವು ವಿಭೂತಿಗಟ್ಟಿ, ರುದ್ರಾಕ್ಷಿ, ಶಿವದಾರ, ಕರಡಿಗೆಗಳನ್ನು ಸಂತೆಗಳಲ್ಲಿ ಮಾರುವುದು. ಬಹುಕಾಲ ಅವನು ಬಸ್ಸಿಗೆ ಏರಬೇಕಾದರೆ ಇಬ್ಬರು ತೋಳು ಹಿಡಿದು ಮೂಟೆಯಂತೆ ಎತ್ತಬೇಕಾಗಿದ್ದಿತು. ಇಳಿಸುವವರು ಸಿಕ್ಕದಿದ್ದರೆ ಊರು ದಾಟಿ ಹೋಗುವುದೂ ಉಂಟು. ಬಳಿಕ ಸರ್ಕಾರದ ಸಹಾಯದಿಂದ ಅವನಿಗೆ ಹಿಂಬದಿಯ ಎರಡು ಪಕ್ಕಕ್ಕೂ ಗಾಲಿ ಜೋಡಿಸಿದ ಒಂದು ಸ್ಕೂಟರು ದೊರೆಯಿತು.

ಈ ವಾಹನಗಳನ್ನು ಕೊಡುವ ಇಲಾಖೆಯ ಹೆಸರಿನಲ್ಲಿ 'ವಿಕಲಚೇತನ' ಎಂಬ ಶಬ್ದವಿದೆ. ಹೀನಾರ್ಥದ ಹಳೆಯ ಮಾತುಗಳನ್ನು ಬಿಡಬೇಕೆಂಬ ಸದುದ್ದೇಶದಿಂದಲೇ ಇದು ಬಳಕೆಗೆ ಬಂದಿರಬೇಕು. ಆದರೂ ಶಬ್ದವನ್ನು ಬಿಡಿಸಿ ನೋಡಿದರೆ, ಚೇತನವೇ ವಿಕಲವಾದವನು ಎಂದು ಅರ್ಥವಾಗುವುದು. ವಿಕಲವಾಗತಕ್ಕದ್ದು ಅಂಗ, ಚೇತನವು ಪರಶಿವನ ಅಂಶವಾದುದರಿಂದ ಅದಕ್ಕೆ ವೈಕಲ್ಯವು ಸರ್ವಥಾ ಸಲ್ಲದು. ಹಳೆಯ 'ವಿಕಲಾಂಗ' ಶಬ್ದವೇ ಶಾಸ್ತ್ರಕ್ಕೆ ಹತ್ತಿರವಾಗಿದ್ದಿತು. 1988ರ ಮೋಟಾರು ವಾಹನ ಕಾಯಿದೆಯಲ್ಲಿ ಇಂಥ ಗಾಡಿಗೆ 'ಇನ್‌ವ್ಯಾಲಿಡ್ ಕ್ಯಾರಿಯೇಜ್' ಎಂಬ ಹೆಸರಿದ್ದಿತು, ಎಂದರೆ ಅಶಕ್ತನ ಬಂಡಿ. 2019ರ ತಿದ್ದುಪಡಿಯು ಅದನ್ನು ತೆಗೆದು 'ಅಡಾಪ್ಟೆಡ್ ವೆಹಿಕಲ್' ಎಂದು ಕರೆಯಿತು, ಎಂದರೆ ಏರುವವನ ದೇಹಕ್ಕೆ ಹೊಂದಿಸಿದ ವಾಹನ. ದೋಷವನ್ನು ಮನುಷ್ಯನ ಮೇಲೆ ಹೊರಿಸದೆ ಹೊಂದಿಕೆಯನ್ನು ಗಾಡಿಯ ಮೇಲೆ ಹೊರಿಸಿದ ಈ ಮಾತು ಮೆಚ್ಚತಕ್ಕದ್ದು.

ಜನರು ಇದನ್ನು ಮೂರು ಗಾಲಿಯ ಗಾಡಿ ಎನ್ನುವರು. ಎಣಿಸಿ ನೋಡಿದರೆ ಗಾಲಿಗಳು ನಾಲ್ಕು: ಮುಂದೆ ಒಂದು, ಹಿಂದೆ ಮೊದಲಿನಿಂದ ಇದ್ದುದು ಒಂದು, ಅದರ ಎಡಬಲಕ್ಕೆ ಎರಡು. ನೆಲದ ಮೇಲೆ ಬೀಳುವ ಜಾಡು ಮಾತ್ರ ಮೂರು. ಮೂರೆಂದೊಡನೆ ಗುರು ಲಿಂಗ ಜಂಗಮವೆಂದೋ, ತನು ಮನ ಧನವೆಂದೋ ಹೊಂದಿಸಿ ಹೇಳುವ ಪ್ರವಚನಕಾರರಿಗೆ ಇಲ್ಲಿ ಅವಕಾಶವುಂಟು. ಆದರೆ ಆ ಗಾಡಿಯನ್ನು ನಡೆಸುವವನಿಗೆ ಮೂರು ಜಾಡೆಂದರೆ ಬೇರೆಯೇ ಒಂದು ಸಂಗತಿ. ಎರಡು ಗಾಲಿಯವನು ದಾರಿಯ ಗುಂಡಿಯನ್ನು ಕಂಡರೆ ಪಕ್ಕದ ಗೇಣಗಲ ನೆಲದಲ್ಲಿ ನುಸುಳಿಹೋಗುವನು. ಮೂರು ಜಾಡಿನವನು ಒಂದು ಗಾಲಿಯನ್ನು ತಪ್ಪಿಸಿದರೆ ಇನ್ನೊಂದು ಗುಂಡಿಗೆ ಇಳಿಯುವುದು. ದಾರಿಯು ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿದ್ದರೆ ಗಾಡಿಯು ಸದಾ ಎಡಕ್ಕೆ ವಾಲುತ್ತದೆ. ಅದನ್ನು ಹಿಡಿದು ನಿಲ್ಲಿಸುವುದರಲ್ಲಿಯೇ ಸವಾರನ ತೋಳು ಸೋಲುವುದು. ಜಗಳೂರಿನ ಕಡೆ ಸುಗ್ಗಿಯಲ್ಲಿ ರಾಗಿಯನ್ನೂ ಮೆಕ್ಕೆಜೋಳವನ್ನೂ ಟಾರು ರಸ್ತೆಯ ಮೇಲೆಯೇ ಹರಡುವರು. ಮಳೆ ಕಡಮೆಯಾದ ಆ ಸೀಮೆಯ ರೈತನ ಕಷ್ಟವು ಅರಿಯದ್ದಲ್ಲ. ಆದರೆ ತನ್ನ ಕಣವನ್ನು ಅನ್ಯನ ದಾರಿಯಲ್ಲಿ ಮಾಡುವುದು ಧರ್ಮವೆನಿಸದು. ಕಾಳಿನ ಮೇಲೆ ಗಾಲಿ ಜಾರಿದರೆ ಕಾಲೂರಿ ತಡೆಯಬಲ್ಲವನು ಬದುಕುವನು. ಊರುವ ಕಾಲಿಲ್ಲದವನು ಏನು ಮಾಡಬೇಕು?

ಇನ್ನು ತಿರುವುಗಳು. ನ್ಯಾಮತಿಯಿಂದ ಬೆಳಗುತ್ತಿಯ ತೀರ್ಥರಾಮೇಶ್ವರದ ಬೆಟ್ಟದ ಕಡೆಗೆ ಹೋಗುವ ಏರುದಾರಿ, ಚನ್ನಗಿರಿಯಿಂದ ಉಬ್ರಾಣಿಯ ಕಾಡಿನ ಕಡೆಯ ದಾರಿ, ಎರಡು ಗುಡ್ಡಗಳ ನಡುವಣ ಏರಿಯನ್ನು ಹಾಯ್ದುಹೋಗುವ ಸೂಳೆಕೆರೆಯ ದಾರಿ, ಇವೆಲ್ಲವೂ ನೇರವಾದುವಲ್ಲ. ಎರಡು ಗಾಲಿಯ ಬಂಡಿಯು ತಿರುವಿನಲ್ಲಿ ತಾನಾಗಿ ಒಳಮಗ್ಗುಲಿಗೆ ಬಾಗುತ್ತದೆ. ಬಾಗುವುದರಿಂದಲೇ ಅದು ಬೀಳದೆ ತಿರುಗುತ್ತದೆ. ಪಕ್ಕದ ಗಾಲಿಗಳನ್ನು ಜೋಡಿಸಿದ ಗಾಡಿಯು ಬಾಗಲಾರದು. ನಿಂತಾಗ ಅದು ಬಹಳ ಭದ್ರ, ಊರುಗೋಲಿಲ್ಲದೆ ನಿಲ್ಲುತ್ತದೆ. ಆದರೆ ತಿರುವಿನಲ್ಲಿ ಆ ಭದ್ರತೆಯೇ ಅಪಾಯವಾಗುತ್ತದೆ. ವೇಗವಿದ್ದರೆ ಭಾರವೆಲ್ಲ ಹೊರಮಗ್ಗುಲಿಗೆ ಎಳೆಯಲ್ಪಟ್ಟು, ಒಳಗಿನ ಗಾಲಿಯು ನೆಲವನ್ನು ಬಿಟ್ಟು ಏಳುವುದು. ಇನ್ನೊಂದಿಷ್ಟಾದರೆ ಗಾಡಿಯು ಮಗುಚುವುದು. ಆದುದರಿಂದ ಬಲ್ಲ ಸವಾರನು ಎರಡು ನಿಯಮಗಳನ್ನು ಪಾಲಿಸುವನು. ತಿರುವು ಬರುವುದಕ್ಕೆ ಮೊದಲೇ ವೇಗವನ್ನು ಇಳಿಸುವನು. ತಿರುವಿನ ನಡುವೆ ಬ್ರೇಕು ಹಿಡಿಯುವುದಿಲ್ಲ. ಮತ್ತು ಗಾಡಿಯು ಬಾಗದುದರಿಂದ ಅದರ ಪಾಲಿನ ಬಾಗುವಿಕೆಯನ್ನು ತಾನು ಬಾಗುವನು: ಸೊಂಟದಿಂದ ಮೇಲಿನ ದೇಹವನ್ನೆಲ್ಲ ಒಳಮಗ್ಗುಲಿಗೆ ಚಾಚಿ, ಆ ಭಾರದಿಂದ ಏಳಲಿರುವ ಗಾಲಿಯನ್ನು ನೆಲಕ್ಕೆ ಒತ್ತುವನು. ಈ ಭಕ್ತನಿಗೆ ತೊಡೆಗಳಿಂದ ಗಾಡಿಯನ್ನು ಅವುಚಿಕೊಳ್ಳುವ ಶಕ್ತಿಯೂ ಇಲ್ಲವಾದುದರಿಂದ ಎಲ್ಲವನ್ನೂ ತೋಳು ಬೆನ್ನುಗಳೇ ಮಾಡಬೇಕು. ದಿನಕ್ಕೆ ನೂರು ತಿರುವುಗಳೆಂದರೆ ನೂರು ಬಾಗುವಿಕೆಗಳು.

ಷಟ್ಸ್ಥಲದ ಕ್ರಮವನ್ನು ಬಲ್ಲವರಿಗೆ ಇದರಲ್ಲಿ ಒಂದು ಅರ್ಥವು ಹೊಳೆಯದೆ ಇರದು. ಭಕ್ತಸ್ಥಲದಲ್ಲಿ ಕಿಂಕರಭಾವವೂ ಮಹೇಶಸ್ಥಲದಲ್ಲಿ ನಿಷ್ಠೆಯೂ ಮುಖ್ಯವೆಂದು ಶಾಸ್ತ್ರವು ಹೇಳುವುದು. ನಿಷ್ಠೆಯು ಬಾಗುವಂಥದಲ್ಲ, ಬಾಗಿದರೆ ಅದು ನಿಷ್ಠೆಯೇ ಅಲ್ಲ. ಆದರೆ ಬಾಗದ ನಿಷ್ಠೆಯನ್ನು ಹೊತ್ತವನು ತಾನೂ ಬಾಗದೆ ಕುಳಿತರೆ, ಬಾಳಿನ ಮೊದಲನೆಯ ತಿರುವಿನಲ್ಲಿಯೇ ನಿಷ್ಠೆಯೊಡನೆ ತಾನೂ ಮಗುಚುವನು. ವ್ರತವನ್ನು ಬಿಗಿಯಾಗಿ ಹಿಡಿದು ಮನೆಯವರೆಲ್ಲರೊಡನೆ ಜಗಳವಾಡುವ ಆಚಾರವಂತರು ಊರಿಗೆ ಒಬ್ಬಿಬ್ಬರಾದರೂ ಇರುವರಷ್ಟೆ. ಭಕ್ತಸ್ಥಲವನ್ನು ಮೊದಲು ಇರಿಸಿದುದು ಇದಕ್ಕಾಗಿಯೇ. ಅಲ್ಲಿ ಕಲಿತ ಬಾಗುವಿಕೆಯು ಮುಂದಿನ ಸ್ಥಲಕ್ಕೆ ಏರಿದಾಗ ಹಿಂದೆ ಉಳಿಯುವುದಿಲ್ಲ. ಅದು ಸವಾರನಲ್ಲಿಯೇ ಇರತಕ್ಕದ್ದು. ಹೊನ್ನಾಳಿಯ ಮುಂದೆ ಹರಿಯುವ ತುಂಗಭದ್ರೆಯನ್ನು ಅನುಸರಿಸಿ ಹರಿಹರವನ್ನು ದಾಟಿ ಹೋದರೆ ಚೌಡಯ್ಯದಾನಪುರವು ಸಿಕ್ಕುವುದು; ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತ ಊರು ಅದು. ಮಾತಿನಲ್ಲಿ ಅವನಂತೆ ಬಾಗದವನು ಶರಣರಲ್ಲಿಯೇ ವಿರಳ. ಆದರೂ ದೋಣಿಯಲ್ಲಿ ಅವನು ಹೊಳೆಯ ತಿರುವಿಗೆ ತಕ್ಕಂತೆ ಮೈಯನ್ನು ಬಾಗಿಸದೆ ಒಬ್ಬರನ್ನೂ ದಡ ಸೇರಿಸಿರಲಾರನು.

ಒಂದು ಸೋಮವಾರ ಸಂಜೆ ಮಠದ ಅನುಭವಗೋಷ್ಠಿಯಲ್ಲಿ ಬಸವಣ್ಣನವರ ಮತ್ತೊಂದು ವಚನವನ್ನು ಓದಿದರು. ಕಾಲು, ಕಣ್ಣು, ಕಿವಿ ಈ ಮೂರರ ಶಕ್ತಿಯನ್ನೂ ಹಿಂದಕ್ಕೆ ತೆಗೆದುಕೊಂಡು ತಮ್ಮನ್ನು ಶರಣರ ಸನ್ನಿಧಿಯಲ್ಲಿಯೇ ಕಟ್ಟಿಹಾಕೆಂದು ಅವರು ಕೂಡಲಸಂಗಮದೇವನನ್ನು ಬೇಡುವ ವಚನವದು. ಓದಿದವರು ಭಾವಪರವಶರಾದರು. ಕೇಳಿದವರು ತಲೆದೂಗಿದರು. ಮೆಟ್ಟಿಲುಗಳ ಕೆಳಗೆ, ಅಂಗಳದಲ್ಲಿ ಗಾಡಿಯ ಮೇಲೆಯೇ ಕುಳಿತು ಕೇಳುತ್ತಿದ್ದ ಆ ಭಕ್ತನು ಮಾತ್ರ ಹೀಗೆ ಕೇಳಿದನು:

"ಬುದ್ಧೀ, ಅಪ್ಪ ಬಸವಣ್ಣನೋರು ಬೇಡಿಕೊಂಡಿದ್ದು ನನಗೆ ಬೇಡದೇನೇ ಬಂದೈತಿ. ಇದನ್ನ ವರ ಅನ್ನಲೋ, ಶಾಪ ಅನ್ನಲೋ?"

ಗೋಷ್ಠಿಯಲ್ಲಿದ್ದ ಹಿರಿಯರೊಬ್ಬರು ಕೂಡಲೆ, "ವರವೇ ಸರಿ, ನೀನು ಪುಣ್ಯವಂತ" ಎಂದರು. ಸ್ವಾಮಿಗಳು ಕೈ ಎತ್ತಿ ಅವರನ್ನು ತಡೆದರು.

"ತಮ್ಮಾ, ಬಸವಣ್ಣನವರಿಗೆ ಕಾಲಿದ್ದವು. ಅದಕ್ಕೇ ಅವು ಬೇಡವೆನ್ನುವ ಅಧಿಕಾರ ಅವರಿಗಿತ್ತು. ಉಣ್ಣಲು ಇದ್ದವನು ಉಣ್ಣದೆ ಇದ್ದರೆ ಅದು ಉಪವಾಸ. ಇಲ್ಲದವನು ಉಣ್ಣದಿದ್ದರೆ ಅದು ಹಸಿವು. ಹಸಿದವನಿಗೆ ನೀನು ವ್ರತ ಮಾಡುತ್ತಿರುವೆ ಎಂದು ಹೇಳುವ ಬಾಯಿ ನಮ್ಮ ಮಠದಲ್ಲಿ ಇರಬಾರದು."

ಈ ಉತ್ತರವು ಶಾಸ್ತ್ರಸಮ್ಮತವಾದುದು. ಬಸವಣ್ಣನವರು ಬೇಡಿದ ಹೆಳವುತನವು ವಿಷಯಗಳ ಕಡೆಗೆ ಓಡುವ ಮನಸ್ಸಿನ ಹೆಳವುತನವೇ ಹೊರತು ಮಾಂಸದ ಕಾಲಿನದಲ್ಲ. ಬಿಜ್ಜಳನ ಭಂಡಾರದ ಹೊಣೆಯನ್ನೂ ಮಹಾಮನೆಯ ದಾಸೋಹವನ್ನೂ ಒಟ್ಟಿಗೆ ನಡೆಸಿದವರು ಕಾಲು ಮುರಿದುಕೊಂಡು ಕುಳಿತಿರಲು ಬಯಸಿದರೆಂದು ಯಾರು ನಂಬುವರು? ಸಂಕೇತವನ್ನು ಸಂಕೇತವೆಂದು ತಿಳಿಯದೆ ಬೋಧಿಸುವುದರಿಂದ ಎರಡು ಅನರ್ಥಗಳಾಗುವುವು: ಅಂಗಬಲವುಳ್ಳವನು ತನ್ನ ಮನಸ್ಸಿನ ಅಲೆದಾಟವನ್ನು ಮರೆಯುವನು, ಅಂಗಬಲವಿಲ್ಲದವನು ತನಗೆ ಬೇಕಾದ ಊರುಗೋಲನ್ನು ಕೇಳುವುದಕ್ಕೂ ನಾಚುವನು. ಎರಡನೆಯದು ಹೆಚ್ಚು ಕ್ರೂರವಾದುದು. ಪೂರ್ವಜನ್ಮದ ಕರ್ಮವೆಂದು ಹೇಳಿ ಕೈತೊಳೆದುಕೊಳ್ಳುವವರೂ ನಮ್ಮಲ್ಲಿ ಇಲ್ಲದಿಲ್ಲ. ದೀಕ್ಷೆಯಿಂದ ಪೂರ್ವಾಶ್ರಯವು ಅಳಿಯುವುದೆಂದು ಒಪ್ಪಿದ ಮೇಲೆ ದೀಕ್ಷಿತನಾದ ಭಕ್ತನ ಕಾಲಿನಲ್ಲಿ ಹಿಂದಿನ ಜನ್ಮದ ಲೆಕ್ಕವನ್ನು ಓದಲು ಯಾರಿಗೆ ಅಧಿಕಾರವಿದೆ?

ಇನ್ನು ಸ್ಥಾವರಜಂಗಮಗಳ ಮಾತು. ಜಂಗಮವೆಂದರೆ ಚಲಿಸುವುದೆಂದು ಶಬ್ದಾರ್ಥ. ಆದರೆ ಚಲಿಸುವುದೆಲ್ಲವೂ ಜಂಗಮವಾದರೆ ಗಾಳಿಗೆ ಹಾರುವ ತರಗೆಲೆಯೂ ಜಂಗಮವಾಗಬೇಕಾಗುವುದು. ನ್ಯಾಮತಿ ಹೊನ್ನಾಳಿಗಳಿಗೆ ನೆರೆಯ ಶಿಕಾರಿಪುರದ ಸೀಮೆಯಲ್ಲಿಯೇ ಅಲ್ಲಮಪ್ರಭುಗಳ ಬಳ್ಳಿಗಾವೆಯೂ ಅಕ್ಕನ ಉಡುತಡಿಯೂ ಇವೆ. ಅಲ್ಲಿಂದ ಹೊರಟ ಅವರಿಬ್ಬರೂ ಕಲ್ಯಾಣಕ್ಕೆ ನಡೆದುಬಂದರು. ಅಕ್ಕನು ಶ್ರೀಶೈಲದ ಕದಳಿಯವರೆಗೂ ನಡೆದಳು. ಆದರೆ ಆ ನಡಿಗೆಯನ್ನು ಜಂಗಮವನ್ನಾಗಿ ಮಾಡಿದುದು ಪಾದಗಳಲ್ಲ, ಅರಿವು. ಅರಿವು ನಿಂತ ಕ್ಷಣದಲ್ಲಿ ಊರೂರು ತಿರುಗುವ ಕಾವಿಯ ವೇಷವೂ ಸ್ಥಾವರವೇ ಆಗುವುದು. ಮೂರು ಜಾಡಿನ ಗಾಡಿಯ ಮೇಲೆ ಶಿವದಾರದ ಕಟ್ಟುಗಳನ್ನು ಇರಿಸಿಕೊಂಡು, ನೂರು ತಿರುವುಗಳಿಗೆ ನೂರು ಸಾರಿ ಬಾಗಿ, ಸಂತೆಗೆ ಬಂದು, ಕೊಂಡವರಿಗೆ ಸರಿಯಾದ ಚಿಲ್ಲರೆಯನ್ನು ಎಣಿಸಿ ಕೊಡುವವನಲ್ಲಿ ಆ ಅರಿವು ಇದೆ. ದೇಗುಲದ ಕಂಬವು ಓರೆಯಾದರೂ ಒಳಗೆ ದೀಪವು ಉರಿಯುತ್ತಿದೆ.

ಆದರೆ ಇಷ್ಟನ್ನು ಹೇಳಿ ಸುಮ್ಮನಾಗುವ ಬೋಧಕನು ಅರ್ಧ ದಾರಿಯಲ್ಲಿ ನಿಂತವನು. ಆ ಭಕ್ತನು ಗೋಷ್ಠಿಯನ್ನು ಕೇಳುತ್ತಿದ್ದುದು ಎಲ್ಲಿಂದ? ಅಂಗಳದಿಂದ. ಮಠದ ಜಗಲಿಗೆ ಆರು ಮೆಟ್ಟಿಲು. ಎಷ್ಟೋ ವರ್ಷಗಳಿಂದ ಅವನು ಮೆಟ್ಟಿಲ ಕೆಳಗೆಯೇ ಪ್ರಸಾದವನ್ನು ಸ್ವೀಕರಿಸುತ್ತಿದ್ದನು. ಎತ್ತಿ ಒಳಗೆ ಕೂರಿಸಲು ಜನರು ಸಿದ್ಧರಿದ್ದರು. ಎತ್ತಿಸಿಕೊಳ್ಳಲು ಅವನು ಸಿದ್ಧನಿರಲಿಲ್ಲ. ಬಸ್ಸಿನ ಬಾಗಿಲಲ್ಲಿ ಮೂಟೆಯಾದುದು ಸಾಕೆಂದು ಅವನಿಗೆ ಅನ್ನಿಸಿದ್ದರೆ ಅದನ್ನು ಅಹಂಕಾರವೆನ್ನಲಾಗದು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಸಾರ್ವಜನಿಕರು ಬರುವ ಕಟ್ಟಡಗಳಲ್ಲಿ ಇಂಥವರು ತಾವಾಗಿ ಒಳಬರುವ ಏರ್ಪಾಡು ಇರಬೇಕೆನ್ನುತ್ತದೆ. ದಾಸೋಹವನ್ನು ಆಚಾರವೆಂದು ಸಾರುವ ಮನೆಗೆ ಕಾಯಿದೆಯು ಬಂದು ಇದನ್ನು ಹೇಳಬೇಕಾದುದು ಸಂಕೋಚದ ಸಂಗತಿಯೇ ಸರಿ.

ಸ್ವಾಮಿಗಳು ಮರುದಿನವೇ ಗಾರೆಯವನನ್ನು ಕರೆಸಿದರು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ಲೆಕ್ಕ. ಆರು ಮೆಟ್ಟಿಲುಗಳೆಂದರೆ ಮೂರಡಿ. ಮೂರಡಿಗೆ ಮೂವತ್ತಾರು ಅಡಿ. ಅಂಗಳದಲ್ಲಿ ನೇರವಾಗಿ ಅಷ್ಟು ಜಾಗವಿಲ್ಲ. ಗಾರೆಯವನು ನೂಲು ಹಿಡಿದು ಅಳೆದು, ನಡುವೆ ಒಂದು ತಿರುವು ಕೊಡದೆ ಗತಿಯಿಲ್ಲವೆಂದನು. ಆ ಭಕ್ತನನ್ನೇ ಕರೆದು ಕೇಳಿದರು. ಅವನು ಗಾಡಿಯನ್ನು ಅಂಗಳದಲ್ಲಿ ಎರಡು ಸಾರಿ ತಿರುಗಿಸಿ ತೋರಿಸಿ, "ತಿರುವಿನ ಜಾಗ ಅಗಲ ಇರಲಿ, ಸಮತಟ್ಟು ಇರಲಿ" ಎಂದನು.

ಕೆಲಸ ಮುಗಿದ ಮೇಲೆ ಇನ್ನೊಂದು ಆಕ್ಷೇಪವು ಹುಟ್ಟಿತು. ಬೀದಿಯ ಕೆಸರನ್ನೂ ಧೂಳನ್ನೂ ತುಳಿದ ಗಾಲಿಗಳು ಮಠದ ಜಗಲಿಗೆ ಬರಬಹುದೇ ಎಂದು ಹಿರಿಯರು ಕೆಲವರು ಕೇಳಿದರು. ಕಾಲಿಗೆ ಹಚ್ಚುವ ನಿಯಮವನ್ನೇ ಗಾಲಿಗೂ ಹಚ್ಚಿರೆಂದು ಸ್ವಾಮಿಗಳು ಅಂದರು. ಮುಂದಿನ ಸೋಮವಾರ ಸಂಜೆ ಅವನು ಇಳಿಜಾರಿನ ಬುಡದಲ್ಲಿ ಗಾಡಿಯನ್ನು ನಿಲ್ಲಿಸಿದಾಗ, ಮಠದ ಹುಡುಗನೊಬ್ಬನು ಬಂದವರ ಕಾಲಿಗೆ ಕೊಡುವ ತಂಬಿಗೆಯ ನೀರನ್ನೇ ತಂದು ಮುಂದಿನ ಗಾಲಿಗೆ ಹೊಯ್ದನು. ಬಳಿಕ ಹಿಂದಕ್ಕೆ ಬಂದು, ಎಡದ್ದು ಬಲದ್ದು ತೊಳೆದು, ನಡುವಿನದು ಒಂದಿದೆಯೆಂದು ಆಗ ಕಂಡು, ಇನ್ನೊಂದು ತಂಬಿಗೆ ನೀರು ತರಲು ಬಾವಿಯ ಕಡೆಗೆ ಓಡಿದನು.